ಕಣ್ಣು ಮಸುಕಾದರೂ ದೂರ ಕಂಡ ಮಹನೀಯ ರೈಫೈಸನ್



ನಮ್ಮ ಸಂಘ ಹುಟ್ಟಿದ್ದು, ಬೆಳೆದದ್ದು, ಕಟ್ಟಡ ಕಟ್ಟಿದ್ದು, ಲಾಭ ನಷ್ಟದ ಲೆಕ್ಕ ಇವೆಲ್ಲ ಈ ಬೆಳ್ಳಿ ಹಬ್ಬದ ಸಂಚಿಕೆಯಲ್ಲಿ ಬೇರೆಯವರು ಬರೆದಿದ್ದಾರೆ. ಊರಿನ ರೈತರೇ ಸೇರಿಕೊಂಡು, ಒಬ್ಬರಿಗೊಬ್ಬರು ಜಾಮೀನಾಗಿ ನಿಂತು, ತಮ್ಮದೇ ಒಂದು ಸಾಲದ ಸಂಘ ಮಾಡಿಕೊಳ್ಳಬಹುದು ಎಂಬ ವಿಚಾರ ಮೊದಲು ಯಾರ ಮನಸ್ಸಿನಲ್ಲಿ ಮೊಳೆಯಿತು, ಅವರು ಎಂಥ ಬಡತನದಿಂದ ಬಂದವರು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ಅವರ ಹೆಸರು ಫ್ರೆಡರಿಕ್ ವಿಲ್ಹೆಲ್ಮ್ ರೈಫೈಸನ್. ಜರ್ಮನಿ ದೇಶದವರು. ಸಹಕಾರ ತರಬೇತಿಗೆ ಹೋದವರೆಲ್ಲ ಈ ಹೆಸರನ್ನು ಒಂದು ಸಲವಾದರೂ ಕೇಳಿರುತ್ತಾರೆ. ಆದರೆ ಹೆಸರಿನ ಹಿಂದೆ ಇದ್ದ ಬದುಕು ಎಂಥದು ಅಂತ ತಿಳಿದವರು ಕಡಿಮೆ.

ಈಗಿನ ಕಾಲದಲ್ಲಿ ಆತ್ಮವಿಶ್ವಾಸದ ಬಗ್ಗೆ ಭಾಷಣ ಮಾಡುವವರು ಬಹಳ ಜನ. ಕಣ್ಣು ಮುಚ್ಚಿಕೊಂಡು ನೀನು ಶ್ರೀಮಂತನಾದ ಹಾಗೆ ಚಿತ್ರ ಕಟ್ಟಿಕೋ, ಅದು ತಾನಾಗಿ ಆಗುತ್ತೆ ಅಂತ ಹೇಳಿಕೊಡುತ್ತಾರೆ. ರೈಫೈಸನ್ ಕೂಡ ಮನಸ್ಸಿನಲ್ಲಿ ಚಿತ್ರ ಕಟ್ಟಿಕೊಂಡವರೇ. ಆದರೆ ಅವರ ಚಿತ್ರದಲ್ಲಿ ಅವರೊಬ್ಬರೇ ಇರಲಿಲ್ಲ. ಊರೆಲ್ಲ ಇತ್ತು. ಆ ಚಿತ್ರದ ಜೊತೆಗೆ ಖಾತೆ ಪುಸ್ತಕ ಇತ್ತು, ಬೈಲಾ ಇತ್ತು, ಕಂತಿನ ಲೆಕ್ಕ ಇತ್ತು. ವ್ಯತ್ಯಾಸ ಇರುವುದು ಇಲ್ಲೇ.

ಬಡತನದ ಬಾಲ್ಯ

1818ನೇ ಇಸವಿ ಮಾರ್ಚ್ 30ರಂದು ಜರ್ಮನಿಯ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಸೀಮೆಯಲ್ಲಿ, ಸೀಗ್ ನದಿಯ ದಡದ ಹಾಮ್ ಎಂಬ ಸಣ್ಣ ಊರಿನಲ್ಲಿ ರೈಫೈಸನ್ ಹುಟ್ಟಿದರು. ಆಗ ಅದು ಪ್ರಷ್ಯಾ ರಾಜ್ಯಕ್ಕೆ ಸೇರಿತ್ತು. ಒಂಬತ್ತು ಮಕ್ಕಳಲ್ಲಿ ಇವರು ಏಳನೆಯವರು. ತಂದೆ ಆ ಊರಿನ ಮೇಯರ್ ಆಗಿದ್ದವರು. ಆದರೆ ಹುಡುಗನಿಗೆ ಇನ್ನೂ ನಾಲ್ಕೈದು ವರ್ಷ ಇರುವಾಗಲೇ ತಂದೆಯ ಕೆಲಸವೂ ಹೋಯಿತು, ಸಂಸಾರಕ್ಕೆ ಅವರ ಆಸರೆಯೂ ಇಲ್ಲದಾಯಿತು. ತಾಯಿ ಒಬ್ಬರೇ ಅಷ್ಟೂ ಮಕ್ಕಳನ್ನು ಕಟ್ಟಿಕೊಂಡು ಸಂಸಾರ ತೂಗಿಸಬೇಕಾಯಿತು. ಆ ತಾಯಿ ದೈವಭಕ್ತೆ, ಗಟ್ಟಿಗಿತ್ತಿ.

ದೊಡ್ಡ ಶಾಲೆಗೆ ಕಳಿಸಲು ಮನೆಯಲ್ಲಿ ಹಣ ಇರಲಿಲ್ಲ. ಊರಿನ ಶಾಲೆ ಮುಗಿದ ಮೇಲೆ ಅಲ್ಲಿನ ಪಾದ್ರಿಗಳೊಬ್ಬರು ಹುಡುಗನ ಬುದ್ಧಿ ನೋಡಿ ಮೂರು ವರ್ಷ ಪಾಠ ಹೇಳಿಕೊಟ್ಟರು. ಹುಡುಗ ಕಲಿತದ್ದು ಅಷ್ಟೇ. ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ನಮ್ಮಲ್ಲಿ ಎಷ್ಟೋ ಜನ ನಾವು ಓದಿದವರಲ್ಲ, ನಮ್ಮ ಕೈಲಿ ಏನಾಗುತ್ತೆ ಅಂತ ಹಿಂದೆ ಸರಿಯುತ್ತೇವೆ. ಈ ಒಂದು ಸಂಗತಿ ಅಂಥವರು ನೆನಪಿಡಬೇಕಾದ್ದು.

ಹದಿನೇಳನೇ ವಯಸ್ಸಿಗೆ, 1835ರಲ್ಲಿ, ಹೊಟ್ಟೆಪಾಡಿಗೆ ಸೈನ್ಯ ಸೇರಿದರು. ಕಲೋನ್ ನಗರದಲ್ಲಿ ಫಿರಂಗಿ ದಳದ ಕೆಲಸ. ಶಿಸ್ತಿನ ಹುಡುಗ, ಮುಂದೆ ಬರುವ ಎಲ್ಲ ಲಕ್ಷಣ ಇತ್ತು. ಆದರೆ ಅಷ್ಟರಲ್ಲಿ ಕಣ್ಣಿನ ರೋಗ ಹಿಡಿಯಿತು. ದೃಷ್ಟಿ ಮಂದವಾಗುತ್ತಾ ಬಂತು. 1843ರಲ್ಲಿ ಸೈನ್ಯ ಬಿಡಬೇಕಾಯಿತು. ಆಗ ಅವರಿಗೆ 25 ವರ್ಷ. ಆಸ್ತಿ ಇಲ್ಲ, ಡಿಗ್ರಿ ಇಲ್ಲ, ಈಗ ಕಣ್ಣೂ ಇಲ್ಲದ ಹಾಗಾಯಿತು. ಬೇರೆಯವರಾಗಿದ್ದರೆ ಹಣೆಬರಹ ಅಂತ ತಲೆ ಮೇಲೆ ಕೈ ಹೊತ್ತು ಕೂತುಬಿಡುತ್ತಿದ್ದರು. ರೈಫೈಸನ್ ಕೂರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಆಡಳಿತದ ಕೆಲಸ ಕಲಿತರು. 1845ರಲ್ಲಿ ವೇಯರ್‌ಬುಷ್ ಎಂಬಲ್ಲಿಗೆ ಮೇಯರ್ ಆಗಿ ನೇಮಕವಾದರು. ಮೇಯರ್ ಅಂದರೆ ನಮ್ಮ ಬೆಂಗಳೂರು ಮೈಸೂರಿನ ಮೇಯರ್ ಥರ ಅಲ್ಲ. ಇಪ್ಪತ್ತಕ್ಕೂ ಹೆಚ್ಚು ಸಣ್ಣ ಸಣ್ಣ ಹಳ್ಳಿಗಳನ್ನು ನೋಡಿಕೊಳ್ಳುವ ಅಧಿಕಾರಿ. ಅದೇ ವರ್ಷ ಎಮಿಲಿ ಎಂಬುವರನ್ನು ಮದುವೆಯಾದರು.

ಹಸಿವಿನ ಚಳಿಗಾಲ

ಆ ಸೀಮೆಯ ರೈತರ ಸ್ಥಿತಿ ಹೇಗಿತ್ತು ಅಂದರೆ, ಕಲ್ಲು ಭೂಮಿ, ಚಳಿ ದೇಶ, ತುಂಡು ತುಂಡು ಹೊಲ. ಜಮೀನ್ದಾರರ ಹಿಡಿತದಿಂದ ರೈತರು ಕಾನೂನಿನ ಪ್ರಕಾರ ಬಿಡುಗಡೆಯಾಗಿದ್ದರು. ಆದರೆ ಕೈಯಲ್ಲಿ ಕಾಸಿಲ್ಲ, ಸಾಲ ಕೊಡುವ ಬ್ಯಾಂಕು ಹಳ್ಳಿಗೆ ಬರುವುದಿಲ್ಲ. ಬಿತ್ತನೆಗೂ ಸಾಹುಕಾರ, ಹಸುವಿಗೂ ಸಾಹುಕಾರ. ದನದ ವ್ಯಾಪಾರಿ ಒಂದು ಬಡಕಲು ಹಸುವನ್ನು ಪಾಲಿಗೆ ಅಂತ ಬಿಡುತ್ತಿದ್ದ. ರೈತ ಹುಲ್ಲು ಹಾಕಿ ಮೇಯಿಸಿ ಸಾಕಬೇಕು. ಅದು ಮೈ ತುಂಬಿಕೊಂಡ ಮೇಲೆ ವ್ಯಾಪಾರಿ ಹೊಡೆದುಕೊಂಡು ಹೋಗಿ ಇನ್ನೊಂದು ಬಡಕಲನ್ನು ತಂದು ಕಟ್ಟುತ್ತಿದ್ದ. ಕೊಟ್ಟಿಗೆ ರೈತನದು, ಸಗಣಿ ಬಾಚುವುದು ರೈತ, ಹಸು ಮಾತ್ರ ಎಂದೂ ರೈತನದಲ್ಲ. ಇದು ನಮಗೆ ಹೊಸದೇನಲ್ಲ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಗೆ 10,000 ತಂದವನು ವರ್ಷಕ್ಕೆ ಬಡ್ಡಿಯನ್ನೇ 6,000 ಕಟ್ಟಬೇಕು. ಅಸಲು ಹಾಗೇ ಕೂತಿರುತ್ತೆ. ಈ ಲೆಕ್ಕ ಜರ್ಮನಿಯಲ್ಲೂ ಒಂದೇ, ನಮ್ಮೂರಲ್ಲೂ ಒಂದೇ.

ಇಂಥಾದ್ದರಲ್ಲಿ 1846ರಲ್ಲಿ ಬೆಳೆ ಕೆಟ್ಟಿತು. ಆಲೂಗಡ್ಡೆಗೆ ರೋಗ ಬಿತ್ತು. 1846-47ರ ಚಳಿಗಾಲದಲ್ಲಿ ಜನ ಹಸಿವಿನಿಂದ ಕಂಗಾಲಾದರು. ಸರ್ಕಾರ ಧಾನ್ಯ ಕಳಿಸಿತು. ಆದರೆ ನಗದು ಕೊಟ್ಟವರಿಗೆ ಮಾತ್ರ ಕೊಡಬೇಕೆಂದು ಆಜ್ಞೆ. ಹಸಿದವನ ಹತ್ತಿರ ನಗದು ಎಲ್ಲಿಂದ ಬರಬೇಕು? ರೈಫೈಸನ್ ಆ ಆಜ್ಞೆಗೆ ಕಟ್ಟು ಬೀಳದೆ ಬಡವರಿಗೆ ಕಡಕ್ಕೆ ಕೊಟ್ಟರು. ಊರಿನ ಅನುಕೂಲಸ್ಥರನ್ನು ಸೇರಿಸಿ ಹಣ ಕೂಡಿಸಿದರು. ಬ್ರೆಡ್ ಸಂಘ ಅಂತ ಒಂದು ಸಂಘ ಮಾಡಿದರು. ಊರಿಗೇ ಒಂದು ಬೇಕರಿ ಒಲೆ ಕಟ್ಟಿಸಿ, ಅಂಗಡಿಗಿಂತ ತೀರ ಕಡಿಮೆ ಬೆಲೆಗೆ ಬ್ರೆಡ್ ಸಿಗುವಂತೆ ಮಾಡಿದರು. ಹಸಿವು ಕಳೆದ ಮೇಲೆ ಅದೇ ಸಂಘದಿಂದ ಬಿತ್ತನೆ ಬೀಜ, ಬಿತ್ತನೆ ಆಲೂಗಡ್ಡೆ ತರಿಸಿದರು. ತಿಂದವರು ಬೆಳೆ ಬಂದ ಮೇಲೆ ಬಾಕಿ ತೀರಿಸಿದರು.

ಇಲ್ಲಿಂದಲೇ ಅವರಿಗೆ ಒಂದು ನಂಬಿಕೆ ಹುಟ್ಟಿತು ಅನ್ನಬೇಕು. ಬಡವ ಮೋಸಗಾರನಲ್ಲ, ಸಮಯ ಕೊಟ್ಟರೆ ತೀರಿಸುತ್ತಾನೆ ಎಂಬ ನಂಬಿಕೆ. ಪಹಣಿ ನೋಡಿ ಸಾಲ ಕೊಡುವ ಲೋಕದಲ್ಲಿ ಮನುಷ್ಯನನ್ನು ನೋಡಿ ಸಾಲ ಕೊಡಬಹುದು ಎಂದು ಅವರು ಕಣ್ಣಾರೆ ಕಂಡಿದ್ದರು.

ಅವರು ವೇಯರ್‌ಬುಷ್‌ನಲ್ಲಿ ಇನ್ನೂ ಎರಡು ಕೆಲಸ ಮಾಡಿದರು. ಒಂದು ಶಾಲೆ ಕಟ್ಟಡ, ಇನ್ನೊಂದು ರಸ್ತೆ. ಬೆಳೆದದ್ದು ಪೇಟೆಗೆ ಹೋಗದಿದ್ದರೆ ಬೆಳೆದು ಏನು ಪ್ರಯೋಜನ ಅಂತ ಗುಡ್ಡದ ಹಳ್ಳಿಗಳನ್ನು ರೈನ್ ನದಿಯ ದಡಕ್ಕೆ ಸೇರಿಸುವ ರಸ್ತೆಗೆ ಕೈ ಹಾಕಿದರು. ರಸ್ತೆ ಇಲ್ಲದ ಗುಡ್ಡದಲ್ಲಿ ರಸ್ತೆಯನ್ನು ಮೊದಲು ಮನಸ್ಸಿನಲ್ಲಿ ಕಾಣಬೇಕು. ಆಮೇಲೆ ಗುದ್ದಲಿ. ಇಂದಿಗೂ ಅಲ್ಲಿ ಒಂದು ದಾರಿಗೆ ಅವರದೇ ಹೆಸರಿದೆ.

ದಾನದಿಂದ ಸಂಘದವರೆಗೆ

1848ರಲ್ಲಿ ಅವರಿಗೆ ಫ್ಲಾಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಅಲ್ಲಿ 33 ಹಳ್ಳಿ. ಅಲ್ಲಿಯೂ ದನದ ವ್ಯಾಪಾರಿಗಳದೇ ಕಾರುಬಾರು. 1849ರಲ್ಲಿ ಊರಿನ ಸುಮಾರು 60 ಜನ ಅನುಕೂಲಸ್ಥರನ್ನು ಸೇರಿಸಿ ಬಡ ರೈತರ ನೆರವಿನ ಸಂಘ ಮಾಡಿದರು. ಆ 60 ಜನ ತಮ್ಮ ಸ್ವಂತ ಆಸ್ತಿಯ ಮೇಲೆ ಜಾಮೀನು ನಿಂತು ಹೊರಗಿನಿಂದ ಸಾಲ ತಂದರು. ಅದರಲ್ಲಿ ಹಸು ಕೊಂಡು ರೈತರಿಗೆ ಕೊಟ್ಟರು. ರೈತ ಐದು ವರ್ಷದಲ್ಲಿ ಕಂತಿನ ಮೇಲೆ ತೀರಿಸಬೇಕು. ತೀರಿದ ದಿನ ಹಸು ಅವನ ಸ್ವಂತದ್ದು. ಕೊಟ್ಟಿಗೆಯಲ್ಲಿ ತನ್ನದೇ ಅನ್ನುವ ಒಂದು ಹಸು ನಿಂತರೆ ರೈತನ ನಡಿಗೆಯೇ ಬದಲಾಗುತ್ತದೆ. ಇದು ದನ ಕಟ್ಟಿದವರಿಗೆ ಗೊತ್ತು.

1852ರಲ್ಲಿ ನ್ಯೂವಿಡ್ ಪಟ್ಟಣದ ಪಕ್ಕದ ಹೆಡೆಸ್‌ಡಾರ್ಫ್‌ಗೆ ವರ್ಗ. ಅಲ್ಲಿ 1854ರಲ್ಲಿ ಒಂದು ಧರ್ಮಾರ್ಥ ಸಂಘ ಮಾಡಿದರು. ಅದರ ಉದ್ದೇಶಗಳು ಒಂದೆರಡಲ್ಲ. ದಿಕ್ಕಿಲ್ಲದ ಮಕ್ಕಳ ಪಾಲನೆ, ಜೈಲಿನಿಂದ ಬಂದವರಿಗೆ ಕೆಲಸ, ರೈತರಿಗೆ ದನ, ಓದುವವರಿಗೆ ಪುಸ್ತಕ ಭಂಡಾರ. ಒಳ್ಳೆ ಕೆಲಸಗಳೇ. ಆದರೆ ಕ್ರಮೇಣ ಈ ಸಂಘ ಸೊರಗುತ್ತಾ ಬಂತು. ಕಾರಣ ಏನು? ಕೊಡುವವರು ಒಂದು ಗುಂಪು, ತಗೊಳ್ಳುವವರು ಇನ್ನೊಂದು ಗುಂಪು. ಶ್ರೀಮಂತರು ಒಂದು ವರ್ಷ ಕೊಟ್ಟಾರು, ಎರಡು ವರ್ಷ ಕೊಟ್ಟಾರು. ಬೇರೆಯವರ ಸಾಲಕ್ಕೆ ತಮ್ಮ ಆಸ್ತಿ ಒಡ್ಡಿಕೊಂಡು ಎಷ್ಟು ದಿನ ಇರುತ್ತಾರೆ? ಅವರಿಗೆ ಬೇಸರ ಬಂತು. ತಗೊಳ್ಳುವವರಿಗೋ, ಇದು ಯಾರದೋ ದುಡ್ಡು, ಯಾರೋ ದೊಡ್ಡವರು ಕೊಟ್ಟದ್ದು ಎಂಬ ಭಾವನೆ. ಸಂಘ ನಮ್ಮದು ಅನ್ನಿಸಲಿಲ್ಲ.

ರೈಫೈಸನ್ ಅವರ ದೊಡ್ಡತನ ಕಾಣುವುದು ಇಲ್ಲೇ. ಅವರು ಧರ್ಮಿಷ್ಠರು, ನೆರೆಯವನನ್ನು ಪ್ರೀತಿಸಬೇಕೆಂಬ ಕ್ರೈಸ್ತ ನಂಬಿಕೆಯವರು. ದಾನವೇ ದಾರಿ ಎಂದು ಮೊದಲು ನಂಬಿದ್ದವರು. ಆದರೆ ಅನುಭವ ಬೇರೆ ಹೇಳಿದಾಗ ಹಟ ಹಿಡಿಯಲಿಲ್ಲ. 1864ರಲ್ಲಿ ಆ ಸಂಘದ ಜಾಗದಲ್ಲಿ ಹೆಡೆಸ್‌ಡಾರ್ಫ್ ಸಾಲ ಸಂಘವನ್ನು ಕಟ್ಟಿದರು. ಹೊಸ ನಿಯಮ ಏನೆಂದರೆ, ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಸದಸ್ಯನಾದವನು ಉಳಿದ ಎಲ್ಲರ ಸಾಲಕ್ಕೂ ಹೊಣೆಗಾರ. ಕೈ ಚಾಚುತ್ತಿದ್ದವನೇ ಈಗ ಸಂಘದ ಯಜಮಾನ.

ಬಂಧುಗಳೇ, ಈ ಒಂದು ಬದಲಾವಣೆಯಲ್ಲೇ ನಮ್ಮ ಇಂದಿನ ಸೊಸೈಟಿಗಳ ಬೀಜ ಇದೆ. ಒಬ್ಬ ಬಡವನನ್ನು ಯಾವ ಬ್ಯಾಂಕೂ ನಂಬುವುದಿಲ್ಲ. ಆದರೆ ಒಂದು ಊರಿನ ಎಲ್ಲ ರೈತರು ಕೈ ಕೈ ಹಿಡಿದು, ಇವನು ಕೊಡದಿದ್ದರೆ ನಾವು ಕೊಡುತ್ತೇವೆ ಅಂತ ನಿಂತರೆ ಯಾವ ಬ್ಯಾಂಕು ನಂಬುವುದಿಲ್ಲ? ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅಂತ ನಮ್ಮ ಹಿರಿಯರು ಹೇಳಿದ್ದನ್ನೇ ಅವರು ಬೈಲಾ ಮಾಡಿ ಬರೆದರು. ಆತ್ಮವಿಶ್ವಾಸ ಅಂದರೆ ತನ್ನನ್ನು ತಾನು ನಂಬುವುದು ಮಾತ್ರ ಅಲ್ಲ, ಪಕ್ಕದ ಹೊಲದವನನ್ನೂ ನಂಬುವುದು ಎಂದು ಅವರ ಕೆಲಸ ತೋರಿಸಿತು.

ಅವರ ನಿಯಮಗಳು

ಅವರ ಸಂಘದ ನಿಯಮಗಳನ್ನು ಇಲ್ಲಿ ಹೇಳಿದರೆ ನಮ್ಮ ಸದಸ್ಯರಿಗೆ ಉಪಯೋಗವಾದೀತು.

ಒಂದು, ಸಂಘದ ವ್ಯಾಪ್ತಿ ಚಿಕ್ಕದಿರಬೇಕು. ಒಂದು ಊರು, ಹೆಚ್ಚೆಂದರೆ ಅಕ್ಕಪಕ್ಕದ ಊರು. ಯಾರು ದುಡಿಯುತ್ತಾರೆ, ಯಾರು ಕುಡಿಯುತ್ತಾರೆ ಅಂತ ಎಲ್ಲರಿಗೂ ಗೊತ್ತಿರಬೇಕು.

ಎರಡು, ಸಾಲ ಸದಸ್ಯರಿಗೆ ಮಾತ್ರ. ಅದೂ ದುಡಿಮೆಗೆ. ದನ, ಬೀಜ, ಗೊಬ್ಬರ, ಸಲಕರಣೆ ಇಂಥದಕ್ಕೆ. ಯಾತಕ್ಕೆ ತಗೊಂಡನೋ ಅದಕ್ಕೇ ಖರ್ಚು ಮಾಡಿದನೇ ಅಂತ ನೋಡಬೇಕು.

ಮೂರು, ಜಮೀನಿಗಿಂತ ನಡತೆ ಮುಖ್ಯ. ಪ್ರಾಮಾಣಿಕನಿಗೆ ಸಾಲ, ಸೋಮಾರಿಗೆ ಇಲ್ಲ.

ನಾಲ್ಕು, ತೀರಿಸಲು ಸಾಕಷ್ಟು ಸಮಯ. ಹೊಲದ ಆದಾಯ ಬರುವ ಕಾಲಕ್ಕೆ ಹೊಂದಿಸಿ ಕಂತು.

ಐದು, ಆಡಳಿತ ಮಂಡಳಿಯವರಿಗೆ ಸಂಬಳ ಇಲ್ಲ. ಲೆಕ್ಕ ಬರೆಯುವವರಿಗೆ ಮಾತ್ರ ಕೂಲಿ.

ಆರು, ಲಾಭ ಹಂಚಿಕೊಳ್ಳುವ ಹಾಗಿಲ್ಲ. ಅದು ಆಪದ್ಧನವಾಗಿ ಉಳಿದು, ಸಂಘವನ್ನು ತನ್ನ ಕಾಲ ಮೇಲೆ ನಿಲ್ಲಿಸಬೇಕು.

ಇದನ್ನು ಒಪ್ಪದವರೂ ಇದ್ದರು. ಅದೇ ಕಾಲದಲ್ಲಿ ಜರ್ಮನಿಯಲ್ಲಿ ಶುಲ್ಜ್-ಡೆಲಿಷ್ ಎಂಬ ಇನ್ನೊಬ್ಬ ಮಹನೀಯರು ಪಟ್ಟಣದ ಕುಶಲಕರ್ಮಿಗಳಿಗೆ, ಸಣ್ಣ ವ್ಯಾಪಾರಿಗಳಿಗೆ ಸಹಕಾರ ಬ್ಯಾಂಕು ಕಟ್ಟುತ್ತಿದ್ದರು. ಷೇರು ಇರಬೇಕು, ಡಿವಿಡೆಂಡ್ ಇರಬೇಕು, ಸಾಲ ಬೇಗ ವಾಪಸ್ ಬರಬೇಕು ಎಂಬುದು ಅವರ ವಾದ. ಕಡಿಮೆ ಅವಧಿಯ ಠೇವಣಿ ಇಟ್ಟುಕೊಂಡು ವರ್ಷಗಟ್ಟಲೆ ಸಾಲ ಕೊಡುವುದು ಅಪಾಯ ಎಂದು ಅವರು ರೈಫೈಸನ್ ಪದ್ಧತಿಯನ್ನು ಟೀಕಿಸಿದರು. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೆ ಅಂಗಡಿಯವನ ಹಣ ವಾರಕ್ಕೊಮ್ಮೆ ತಿರುಗುತ್ತದೆ, ರೈತನ ಹಣ ವರ್ಷಕ್ಕೊಮ್ಮೆ ತಿರುಗುತ್ತದೆ. ರೈತನಿಗೆ ಬೇರೆ ಅಳತೆ ಬೇಕು ಎಂಬುದನ್ನು ರೈಫೈಸನ್ ಬಿಟ್ಟುಕೊಡಲಿಲ್ಲ.

ಕತ್ತಲಲ್ಲೇ ದುಡಿಮೆ

ಇಷ್ಟೆಲ್ಲ ನಡೆಯುವಾಗ ಅವರ ಮನೆಯ ಸ್ಥಿತಿ ಸುಖವಾಗಿರಲಿಲ್ಲ. ಮಕ್ಕಳಲ್ಲಿ ಕೆಲವರು ಎಳವೆಯಲ್ಲೇ ತೀರಿಹೋದರು. 1863ರಲ್ಲಿ ಪತ್ನಿ ಎಮಿಲಿ ತೀರಿಕೊಂಡರು. ಕಣ್ಣು ಇನ್ನೂ ಕೆಟ್ಟಿತು, ದೇಹದಲ್ಲಿ ಶಕ್ತಿ ಕುಂದಿತು. 1865ರಲ್ಲಿ, 47ನೇ ವಯಸ್ಸಿಗೇ, ಮೇಯರ್ ಕೆಲಸದಿಂದ ನಿವೃತ್ತಿಯಾಗಬೇಕಾಯಿತು. ಬರುವ ಸಣ್ಣ ಪಿಂಚಣಿ ಸಂಸಾರಕ್ಕೆ ಸಾಲದು. ಚುಟ್ಟಾ ಮಾಡುವ ಸಣ್ಣ ಕಾರ್ಖಾನೆ ಹಾಕಿದರು, ಅದು ಕೈ ಹಿಡಿಯಲಿಲ್ಲ. ಆಮೇಲೆ ವೈನ್ ವ್ಯಾಪಾರ ಮಾಡಿ ಜೀವನ ನಡೆಸಿದರು. ಸಂಘಗಳಿಗೆ ದುಡಿದದ್ದಕ್ಕೆ ಸಂಬಳ ಕೇಳಲಿಲ್ಲ.

ಕಣ್ಣು ಹೆಚ್ಚುಕಡಿಮೆ ಕಾಣದ ಆ ದಿನಗಳಲ್ಲೇ ಅವರ ದೊಡ್ಡ ಕೆಲಸ ನಡೆದದ್ದು. ಹಿರಿಯ ಮಗಳು ಅಮಾಲಿ ಅವರಿಗೆ ಕಣ್ಣಾದಳು. ಅವರು ಹೇಳುತ್ತಿದ್ದರು, ಅವಳು ಬರೆಯುತ್ತಿದ್ದಳು. ಬಂದ ಪತ್ರಗಳನ್ನು ಅವಳು ಓದುತ್ತಿದ್ದಳು, ಅವರು ಕೇಳುತ್ತಿದ್ದರು. ಆ ಮಗಳು ಮದುವೆಯನ್ನೂ ಆಗದೆ ತಂದೆಯ ಕೆಲಸಕ್ಕೆ ನಿಂತಳು. ಸಹಕಾರದ ಚರಿತ್ರೆಯಲ್ಲಿ ಈ ಹೆಣ್ಣುಮಗಳ ಹೆಸರನ್ನೂ ನಾವು ನೆನೆಯಬೇಕು.

1866ರಲ್ಲಿ ಸಾಲ ಸಂಘಗಳ ಬಗ್ಗೆ ಅವರ ಪುಸ್ತಕ ಹೊರಬಂತು. ಸಂಘ ಹೇಗೆ ಶುರು ಮಾಡಬೇಕು, ಬೈಲಾ ಹೇಗಿರಬೇಕು, ಲೆಕ್ಕ ಹೇಗೆ ಇಡಬೇಕು ಎಂದು ಹಳ್ಳಿಯವರಿಗೆ ತಿಳಿಯುವ ಹಾಗೆ ತಿಳಿಸಿದರು. ಅದು ಅವರ ಜೀವಿತ ಕಾಲದಲ್ಲೇ ಹಲವು ಸಲ ಅಚ್ಚಾಯಿತು. ಅದನ್ನು ಓದಿ ಊರೂರಲ್ಲಿ ಸಂಘ ಹುಟ್ಟಿದವು.

ಸಂಘಗಳು ಹೆಚ್ಚಾದಂತೆ ಒಂದು ತೊಂದರೆ ಕಂಡಿತು. ಒಂದೂರಿನ ಸಂಘದಲ್ಲಿ ಹಣ ಸುಮ್ಮನೆ ಬಿದ್ದಿರುತ್ತೆ, ಇನ್ನೊಂದೂರಿನಲ್ಲಿ ಬಿತ್ತನೆಗೆ ಹಣ ಇರುವುದಿಲ್ಲ. ಇದನ್ನು ಸರಿದೂಗಿಸಲು 1872ರಲ್ಲಿ ನ್ಯೂವಿಡ್‌ನಲ್ಲಿ ಸಂಘಗಳದೇ ಒಂದು ಕೇಂದ್ರ ಬ್ಯಾಂಕು ಕಟ್ಟಿದರು. ಕಾನೂನಿನ ತೊಡಕು ಬಂದಾಗ 1876ರಲ್ಲಿ ಅದಕ್ಕೆ ಬೇರೆ ರೂಪ ಕೊಟ್ಟರು. 1877ರಲ್ಲಿ ಸಂಘಗಳ ಒಕ್ಕೂಟ ಮಾಡಿದರು. ಇಂದು ನಮ್ಮಲ್ಲಿ ಊರಿಗೆ ಪ್ರಾಥಮಿಕ ಸಂಘ, ಅದರ ಮೇಲೆ ಡಿಸಿಸಿ ಬ್ಯಾಂಕ್, ಅದರ ಮೇಲೆ ಅಪೆಕ್ಸ್ ಬ್ಯಾಂಕ್ ಅಂತ ಇದೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಟ್ಟುವ ಆ ವಿಚಾರ ಆ ಕಾಣದ ಕಣ್ಣುಗಳು ಆಗಲೇ ಕಂಡಿದ್ದವು.

1888ರ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನ ಇರುವಾಗ, ರೈಫೈಸನ್ ಹೆಡೆಸ್‌ಡಾರ್ಫ್‌ನಲ್ಲಿ ತೀರಿಕೊಂಡರು. ಆ ಹೊತ್ತಿಗೆ ಅವರ ಒಕ್ಕೂಟದಲ್ಲಿ ನಾನೂರಕ್ಕೂ ಹೆಚ್ಚು ಸಂಘಗಳಿದ್ದವು. ಅವರು ಶ್ರೀಮಂತರಾಗಿ ಸಾಯಲಿಲ್ಲ. ಆದರೆ ಸಾವಿರಾರು ರೈತರು ಅವರ ದಾರಿಯಿಂದ ಸ್ವಂತ ಹಸುವಿನ, ಸ್ವಂತ ಹೊಲದ ಒಡೆಯರಾದರು. ಬಡತನದಿಂದ ಮೇಲೆ ಬರುವುದು ಅಂದರೆ ತಾನೊಬ್ಬ ಏಣಿ ಹತ್ತಿ ಏಣಿ ಎಳೆದುಕೊಳ್ಳುವುದಲ್ಲ. ಏಣಿಯನ್ನು ಊರಿಗೇ ಬಿಟ್ಟು ಹೋಗುವುದು.

ನಮ್ಮ ನಾಡಿಗೆ ಬಂದ ಬಗೆ

ಈ ವಿಚಾರ ನಮ್ಮ ದೇಶಕ್ಕೆ ಹೇಗೆ ಬಂತು ಅನ್ನುವುದನ್ನೂ ಹೇಳಬೇಕು. ಆಗ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ ಇದ್ದರು. ರೈತರ ಸಾಲದ ಸಮಸ್ಯೆಗೆ ದಾರಿ ಹುಡುಕಲು ಯುರೋಪಿನ ಸಂಘಗಳನ್ನು ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳ ದೊಡ್ಡ ವರದಿ ಕೊಟ್ಟರು. ಆ ವರದಿಯ ಸಾರ ಇಷ್ಟೇ: ರೈಫೈಸನ್‌ನಂಥ ಒಬ್ಬನನ್ನು ಹುಡುಕಿ. ಕಾನೂನು ಬೇಕು, ಹಣ ಬೇಕು. ಆದರೆ ಎಲ್ಲಕ್ಕಿಂತ ಮೊದಲು ಊರಿನಲ್ಲಿ ಅಂಥ ಒಬ್ಬ ಮನುಷ್ಯ ಬೇಕು. 1904ರಲ್ಲಿ ಸಹಕಾರ ಸಾಲ ಸಂಘಗಳ ಕಾಯಿದೆ ಬಂತು. ಹಳ್ಳಿ ಸಂಘಗಳಿಗೆ ರೈಫೈಸನ್ ಮಾದರಿಯ ಅಪರಿಮಿತ ಹೊಣೆಯನ್ನೇ ಇಟ್ಟರು.

ಆ ಮನುಷ್ಯ ಸಿಕ್ಕಿದ್ದು ನಮ್ಮ ಕರ್ನಾಟಕದಲ್ಲೇ. ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಸಾಲ ಸಹಕಾರ ಸಂಘ ಕಟ್ಟಿದರು. ಆಗ ಅದು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಕಾಯಿದೆಯ ಕೆಳಗೆ ದೇಶದಲ್ಲಿ ಹುಟ್ಟಿದ ಮೊದಮೊದಲ ಸಂಘಗಳಲ್ಲಿ ಅದೂ ಒಂದು. ವೆಸ್ಟರ್‌ವಾಲ್ಡ್ ಗುಡ್ಡದಲ್ಲಿ ಬಿತ್ತಿದ ಬೀಜ ಕನ್ನಡದ ಎರೆ ಮಣ್ಣಿನಲ್ಲಿ ಮೊಳಕೆ ಒಡೆಯಿತು. ಇದು ಕನ್ನಡಿಗರಾದ ನಮಗೆಲ್ಲ ಹೆಮ್ಮೆ. 2016ರಲ್ಲಿ ಯುನೆಸ್ಕೋ ಸಂಸ್ಥೆ ಸಹಕಾರ ಸಂಘಗಳ ವಿಚಾರ ಮತ್ತು ಆಚರಣೆಯನ್ನು ಮಾನವ ಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮಗೆ ಇದರಿಂದ ಏನು?

ಇಂದು ನಮ್ಮ ಸಂಘಗಳಲ್ಲಿ ಹೊಣೆ ಪರಿಮಿತ. ಒಬ್ಬನ ಬಾಕಿಗೆ ಇನ್ನೊಬ್ಬನ ಹೊಲ ಹೋಗುವುದಿಲ್ಲ. ಇದು ಒಳ್ಳೆಯದೇ. ಸರ್ಕಾರದಿಂದ ಬಡ್ಡಿ ರಿಯಾಯಿತಿಯೂ ಬಂದಿದೆ, ಸಾಲ ಮನ್ನಾಗಳೂ ಬಂದಿವೆ. ಬರ ಬಂದಾಗ, ಬೆಲೆ ಬಿದ್ದಾಗ ರೈತನಿಗೆ ಅದು ಬೇಕೇ ಬೇಕು. ರೈತನಾಗಿ ನಾನು ಅದನ್ನು ಬೇಡ ಅನ್ನುವುದಿಲ್ಲ. ಆದರೆ ಮಳೆ ಬಂದು ಬೆಳೆ ಬಂದ ವರ್ಷದಲ್ಲೂ, ತಡೀರಿ, ಎಲೆಕ್ಷನ್ ಬರಲಿ, ಮನ್ನಾ ಆಗುತ್ತೆ ಅಂತ ಕಂತು ಕಟ್ಟದೆ ಕೂತರೆ ಏನಾಗುತ್ತೆ? 1854ರ ಸಂಘಕ್ಕೆ ಆದದ್ದೇ ಆಗುತ್ತೆ. ಕೊಡುವವರು ಯಾರೋ, ತಗೊಳ್ಳುವವರು ನಾವು ಎಂಬ ಭಾವನೆ ಬಂದರೆ ಸಂಘ ಸೊರಗುತ್ತೆ. ಸುಸ್ತಿದಾರನ ಬಾಕಿಯಿಂದ ತೊಂದರೆ ಆಗುವುದು ಸರ್ಕಾರಕ್ಕಲ್ಲ, ನಾಳೆ ಬೆಳಿಗ್ಗೆ ಗೊಬ್ಬರಕ್ಕೆ ಸಾಲ ಕೇಳಲು ಬರುವ ಪಕ್ಕದ ಮನೆಯವನಿಗೆ.

ನಮ್ಮ ಯುವಕರಿಗೆ ಒಂದು ಮಾತು. ಆತ್ಮವಿಶ್ವಾಸ ಬೇಕು, ದೊಡ್ಡ ಕನಸೂ ಬೇಕು. ಹತ್ತು ಹಸುವಿನ ಡೈರಿ, ಅರ್ಧ ಎಕರೆ ಹಸಿರು ಮನೆ, ಮಗಳ ಇಂಜಿನಿಯರಿಂಗ್ ಏನು ಬೇಕಾದರೂ ಮನಸ್ಸಿನಲ್ಲಿ ಚಿತ್ರ ಬಿಡಿಸಿಕೊಳ್ಳಿ. ಆದರೆ ಆ ಚಿತ್ರದ ಕೆಳಗೆ ಈ ವರ್ಷ ಎಷ್ಟು ಹಾಕಬೇಕು, ಎಷ್ಟು ಕಟ್ಟಬೇಕು, ಯಾರ ಜೊತೆ ಸೇರಬೇಕು ಅಂತ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳಿ. ಮೊದಲನೇ ಹಸು ಕಟ್ಟಿ, ಅದರ ಸಾಲ ತೀರಿಸಿ, ಆಮೇಲೆ ಎರಡನೆಯದು. ಶಾಲೆ ಕಡಿಮೆ, ಕಾಸು ಕಡಿಮೆ, ಕಣ್ಣು ಕಡಿಮೆ ಇದ್ದ ಒಬ್ಬ ಮನುಷ್ಯ ಹೀಗೆ ಒಂದೊಂದೇ ಮೆಟ್ಟಿಲು ಕಟ್ಟಿದ್ದಕ್ಕೇ ಇಂದು ನಮ್ಮ ಊರಲ್ಲಿ ಒಂದು ಸಂಘ ಇದೆ.

ಬೆಳ್ಳಿ ಹಬ್ಬ ಆಚರಿಸುತ್ತಿದ್ದೇವೆ. ಚಿನ್ನದ ಹಬ್ಬಕ್ಕೆ ಇನ್ನೂ 25 ವರ್ಷ ಇದೆ. ಆ ಹಬ್ಬದ ದಿನ ಸಂಘದ ಮುಂದೆ ತಲೆ ಎತ್ತಿ ನಿಲ್ಲುವವರು ಇಂದು ಶಾಲೆಗೆ ಹೋಗುತ್ತಿರುವ ನಮ್ಮ ಮಕ್ಕಳು. ಅವರಿಗೆ ನಾವು ಬಾಕಿ ಪಟ್ಟಿ ಬಿಟ್ಟು ಹೋಗದೆ ಗಟ್ಟಿ ಆಪದ್ಧನ ಬಿಟ್ಟು ಹೋಗೋಣ. ಕಂತು ಕಟ್ಟುವ ದಿನ ಕಂತು ಕಟ್ಟೋಣ. ವಾರ್ಷಿಕ ಸಭೆಗೆ ತಪ್ಪದೆ ಬಂದು ಲೆಕ್ಕ ಕೇಳೋಣ. ಅದೇ ರೈಫೈಸನ್ ಮಹನೀಯರಿಗೆ ನಾವು ಹಾಕುವ ಹಾರ.

ಜೈ ಸಹಕಾರ.